ಬಿಸಿಲು ಬಾರದ ಮನೆಯಲ್ಲಿ ಮೆಂತ್ಯಸೊಪ್ಪು



ಉತ್ತರ ಕರ್ನಾಟಕದ ಕಡೆ ನವರಾತ್ರಿಯ ಮೊದಲ ದಿನ ಘಟ್ಟ ಹಾಕುತ್ತಾರೆ. ದೇವರ ಮುಂದೆ ಹೊಲದ ಮಣ್ಣು ಹರಡಿ, ಜೋಳ, ಗೋಧಿ, ಕಡಲೆ ಹೀಗೆ ಮನೆಯಲ್ಲಿರುವ ಕಾಳು ಬಿತ್ತಿ, ನಡುವೆ ನೀರು ತುಂಬಿದ ಗಡಿಗೆ ಇಡುತ್ತಾರೆ. ಪಕ್ಕದಲ್ಲಿ ಹಚ್ಚಿದ ನಂದಾದೀಪ ಹಬ್ಬ ಮುಗಿಯುವ ತನಕ ಆರಬಾರದು. ದಸರೆಯ ಹೊತ್ತಿಗೆ ಗೇಣುದ್ದದ ಸಸಿಗಳು ಎದ್ದು ನಿಂತಿರುತ್ತವೆ. ಹೆಂಗಸರು ತುರುಬಿಗೆ, ಗಂಡಸರು ಟೋಪಿಗೆ ಸಿಕ್ಕಿಸಿಕೊಳ್ಳುವ ಆ ಸಸಿಯ ಬಣ್ಣ ಯಾವುದು, ನೆನಪು ಮಾಡಿಕೊಳ್ಳಿ. ಹಸಿರಲ್ಲ, ತಿಳಿ ಹಳದಿ.

ದೇವರಕೋಣೆಯ ಮಬ್ಬಿನಲ್ಲಿ ಹುಟ್ಟಿದ ಸಸಿಗೆ ಇರುವುದು ಒಂದೇ ಕೆಲಸ, ಬೆಳಕು ಹುಡುಕಿಕೊಂಡು ಮೇಲೇರುವುದು. ಕಾಳಿನೊಳಗೆ ತಾಯಿಗಿಡ ಕಟ್ಟಿ ಕಳಿಸಿದ ಬುತ್ತಿಯೆಲ್ಲ ಕಾಂಡ ಉದ್ದವಾಗುವುದಕ್ಕೇ ಖರ್ಚಾಗುತ್ತದೆ. ಎಲೆಗೆ ಹಸಿರು ಕೊಡುವ ಪತ್ರಹರಿತ್ತು ತಯಾರಾಗಬೇಕಾದರೆ ಬೆಳಕು ಬೇಕು, ಅದು ಅಲ್ಲಿ ಸಾಲದು. ಬುತ್ತಿ ತೀರಿದ ಮೇಲೆ ಆ ಸಸಿ ಉಳಿಯುವುದಿಲ್ಲ. ಅಷ್ಟರಲ್ಲಿ ಹಬ್ಬ ಮುಗಿದು ಬನ್ನಿ ಹಂಚಿಕೊಂಡಾಗಿರುತ್ತದೆ, ಹಾಗಾಗಿ ಯಾರೂ ಅದನ್ನು ಕೊರತೆ ಎಂದು ಎಣಿಸುವುದಿಲ್ಲ.

ಅದೇ ಹಳದಿ ಸಸಿ ಇವತ್ತು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಅಡುಗೆಕಟ್ಟೆಯ ಮೇಲೆ ವರ್ಷವಿಡೀ ಕಾಣಸಿಗುತ್ತದೆ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಪಕ್ಕದ ಗೋಡೆಗೆ ತಾಗಿಸಿ ಎತ್ತಿದ ಮನೆಯ ನೆಲಮಹಡಿಗೆ ಬಿಸಿಲು ಇಳಿಯುವುದೇ ಇಲ್ಲ. ಆಗುಂಬೆ, ಮಡಿಕೇರಿ ಕಡೆ ಅಂಗಳಕ್ಕೇನೂ ಕೊರತೆಯಿಲ್ಲ, ಆದರೆ ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಇಂಥಲ್ಲಿ ಒಂದು ಹಿಡಿ ಮೆಂತ್ಯವನ್ನೋ ಕೊತ್ತಂಬರಿಯನ್ನೋ ಬಿತ್ತಿ, ಮೇಲೊಂದು ದೀಪ ಉರಿಸಿ ಬೆಳೆಯಬಹುದಲ್ಲ ಎಂದು ಹೊರಟವರು ಬಹಳ ಮಂದಿ. ಅವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಕೋಣೆ ತುಂಬ ಬೆಳಕಿದೆ, ಪೇಪರ್ ಓದಬಹುದು, ಆದರೂ ಸಸಿ ಯಾಕೆ ಉದ್ದುದ್ದ ಬೆಳೆದು ಮಗುಚಿ ಬೀಳುತ್ತೆ?”

ಪೇಪರ್ ಓದುವುದು ನಾವು, ಗಿಡವಲ್ಲ. ಮಬ್ಬಿಗೂ ಬಿಸಿಲಿಗೂ ಹೊಂದಿಕೊಳ್ಳುವುದರಲ್ಲಿ ಮನುಷ್ಯನ ಕಣ್ಣು ಬಹಳ ಚುರುಕು. ಆ ಚುರುಕೇ ಬೆಳಕು ಅಳೆಯುವ ಹೊತ್ತಿಗೆ ನಮ್ಮನ್ನು ಮೋಸಗೊಳಿಸುತ್ತದೆ. ಒಂದು ಜಾಗಕ್ಕೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ನಡುಹಗಲಿನ ಬಯಲಿನಲ್ಲಿ ಅದು ಸುಮಾರು 1,00,000 ಲಕ್ಸ್. ರಾತ್ರಿ ಟ್ಯೂಬ್‌ಲೈಟ್ ಹಾಕಿದ ನಡುಮನೆಯಲ್ಲಿ ಎರಡು-ಮೂರು ನೂರು ಲಕ್ಸ್ ಇದ್ದರೆ ಹೆಚ್ಚು. ಮುನ್ನೂರು ಪಟ್ಟು, ನಾನೂರು ಪಟ್ಟು ವ್ಯತ್ಯಾಸ. ಅಂಗಳದಿಂದ ಒಳಗೆ ಬಂದಾಗ ನಮಗೆ ‘ಸ್ವಲ್ಪ ತಂಪಾಯಿತು’ ಎನಿಸುತ್ತದೆ, ಅಷ್ಟೆ. ಗಿಡಕ್ಕೆ ಅದು ಕತ್ತಲೆ.

ಕೈಯಲ್ಲಿರುವ ಮೊಬೈಲಿನಲ್ಲೇ ಇದನ್ನು ಅಳೆದು ನೋಡಬಹುದು. ಪರದೆಯ ಬೆಳಕನ್ನು ತಾನಾಗಿ ಏರಿಸಿ ಇಳಿಸಲು ಫೋನಿನ ನೆತ್ತಿಯ ಹತ್ತಿರ ಒಂದು ಸಣ್ಣ ಸೆನ್ಸರ್ ಇರುತ್ತದೆ. ಲಕ್ಸ್ ತೋರಿಸುವ ಆ್ಯಪ್ ಹಾಕಿಕೊಂಡು ಫೋನನ್ನು ಸಸಿಯ ಮಟ್ಟಕ್ಕೆ ಅಂಗಾತ ಹಿಡಿಯಿರಿ. ಲ್ಯಾಬಿನ ನಿಖರತೆ ಅದರಲ್ಲಿಲ್ಲ, ಆದರೆ 300ಕ್ಕೂ 13,000ಕ್ಕೂ ಇರುವ ಅಂತರವನ್ನು ಸುಳ್ಳು ಹೇಳದೆ ತೋರಿಸುತ್ತದೆ. ಕಿಟಕಿಯಿಂದ ಒಂದೊಂದೇ ಹೆಜ್ಜೆ ಒಳಗೆ ಬರುತ್ತ ಅಂಕಿ ಹೇಗೆ ಕುಸಿಯುತ್ತದೆ ಎಂದು ಒಮ್ಮೆ ನೋಡಿಬಿಟ್ಟರೆ, ಟೀಪಾಯಿಯ ಮೇಲಿನ ಕುಂಡದಲ್ಲಿ ತುಳಸಿ ಯಾಕೆ ನಿಲ್ಲುವುದಿಲ್ಲ ಎಂದು ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ.

ಈಗ ಬಣ್ಣದ ಮಾತು. ಗಿಡ ಬೆಳೆಸುವ ದೀಪ ಎಂದರೆ ನೇರಳೆ ಬಣ್ಣದ್ದು ಎಂದು ಅಂಗಡಿಯವರೂ ನಂಬಿದ್ದಾರೆ, ಕೊಳ್ಳುವವರೂ ನಂಬಿದ್ದಾರೆ. ಈ ನಂಬಿಕೆಗೆ ಬುಡವೇ ಇಲ್ಲ ಎನ್ನುವಂತಿಲ್ಲ. 1880ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಎಂಗೆಲ್‌ಮನ್ ಒಂದು ಚೆಂದದ ಪ್ರಯೋಗ ಮಾಡಿದ. ನೀರಿನ ಪಾಚಿಯ ಒಂದು ಎಳೆಯ ಮೇಲೆ, ಪಟ್ಟಕದಿಂದ ಒಡೆದ ಬೆಳಕನ್ನು ಕೆಂಪಿನಿಂದ ನೇರಳೆಯವರೆಗೆ ಸಾಲಾಗಿ ಬೀಳಿಸಿದ. ಆ ನೀರಿಗೆ ಆಮ್ಲಜನಕ ಅರಸಿಕೊಂಡು ಹೋಗುವ ಬ್ಯಾಕ್ಟೀರಿಯಾ ಬಿಟ್ಟ. ಅವು ಎಲ್ಲಿ ಹೋಗಿ ಮುತ್ತಿದವು? ಒಂದು ಗುಂಪು ಕೆಂಪಿನ ಹತ್ತಿರ, ಇನ್ನೊಂದು ನೀಲಿಯ ಹತ್ತಿರ. ಅಂದರೆ ಪಾಚಿ ಆ ಎರಡು ಬಣ್ಣಗಳಲ್ಲಿ ಹೆಚ್ಚು ಆಮ್ಲಜನಕ ಬಿಡುತ್ತಿದೆ, ಹೆಚ್ಚು ಆಹಾರ ಮಾಡಿಕೊಳ್ಳುತ್ತಿದೆ ಎಂದಾಯಿತು. ಪತ್ರಹರಿತ್ತನ್ನು ಗಾಜಿನ ನಳಿಗೆಯಲ್ಲಿ ಕರಗಿಸಿ ನೋಡಿದರೂ ಅದು ಹೀರುವುದು ಮುಖ್ಯವಾಗಿ ನೀಲಿ ಮತ್ತು ಕೆಂಪನ್ನೇ. ಹಾಗಾಗಿ ನೀಲಿ, ಕೆಂಪು ಎರಡನ್ನೇ ಕೊಟ್ಟರೆ ಕರೆಂಟು ಉಳಿಯಿತಲ್ಲ ಎಂಬ ಲೆಕ್ಕ ಹುಟ್ಟಿತು, ಎರಡೂ ಸೇರಿ ಕೋಣೆ ನೇರಳೆಯಾಯಿತು.

ಆದರೆ ಎಲೆ ಎಂದರೆ ನಳಿಗೆಯಲ್ಲಿ ಕರಗಿಸಿದ ಪತ್ರಹರಿತ್ತಲ್ಲ. ಎಲೆಗೆ ದಪ್ಪವಿದೆ, ಪದರಗಳಿವೆ. ಮೇಲ್ಪದರದಲ್ಲಿ ತಪ್ಪಿಸಿಕೊಂಡ ಹಸಿರು ಬೆಳಕು ಒಳಗೆ ಅಲ್ಲಿಗಿಲ್ಲಿಗೆ ಪುಟಿದು, ಬಹುಪಾಲು ಕೊನೆಗೆ ಕೆಳಗಿನ ಪದರಗಳಿಗೆ ಸಿಕ್ಕಿಬೀಳುತ್ತದೆ. ನಮ್ಮ ಕಣ್ಣಿಗೆ ಬರುವ ಹಸಿರು, ಹೀಗೆ ಉಳಿದುಹೋದ ಚೂರುಪಾರು ಮಾತ್ರ. 1972ರಲ್ಲಿ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳನ್ನು ಹಿಡಿದು ಒಂದೊಂದು ಬಣ್ಣಕ್ಕೆ ಎಷ್ಟು ಆಹಾರ ತಯಾರಾಗುತ್ತದೆ ಎಂದು ಅಳೆದ. ಕೆಂಪು ಮುಂದಿದೆ ನಿಜ, ಹಸಿರೂ ಬಹಳ ಹಿಂದೇನಿಲ್ಲ. ಹಸಿರು ಬೆಳಕು ಗಿಡಕ್ಕೆ ದಂಡ ಎನ್ನುವ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿದಿಲ್ಲ, ದೀಪದ ಡಬ್ಬಿಯ ಮೇಲೆ ಇನ್ನೂ ಅಚ್ಚಾಗುತ್ತಲೇ ಇದೆ.

ನೇರಳೆ ದೀಪಕ್ಕೆ ಇನ್ನೊಂದು ತೊಂದರೆ. ಅದರಡಿ ಎಲೆ ಕಪ್ಪಗೆ ಕಾಣುತ್ತದೆ. ಹಳದಿಗೆ ತಿರುಗಿದೆಯೋ, ಚುಕ್ಕೆ ಬಿದ್ದಿದೆಯೋ, ಹೇನು ಹತ್ತಿದೆಯೋ ಒಂದೂ ತಿಳಿಯದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2014ರಲ್ಲಿ ನಾಸಾ ಕಳಿಸಿದ ‘ವೆಜ್ಜಿ’ ಎಂಬ ತೋಟದ ಪೆಟ್ಟಿಗೆಯಲ್ಲಿ ಕೆಂಪು, ನೀಲಿ ಎಲ್‌ಇಡಿಗಳ ಜೊತೆ ಹಸಿರನ್ನೂ ಸೇರಿಸಿದ್ದರು. ಸೊಪ್ಪು ಸೊಪ್ಪಿನ ಬಣ್ಣದಲ್ಲಿ ಕಂಡರೆ ತಾನೇ ತಿನ್ನಬೇಕು ಅನಿಸುವುದು? ಮರುವರ್ಷ ಆಗಸ್ಟಿನಲ್ಲಿ ಗಗನಯಾತ್ರಿಗಳು ಆ ಪೆಟ್ಟಿಗೆಯ ಕೆಂಪು ಲೆಟ್ಯೂಸ್ ಕಿತ್ತು ತಿಂದರು.

ಹಾಗಾದರೆ ನಮಗೆ ಬೇಕಾದ ದೀಪ ಯಾವುದು? ಮನೆಯಲ್ಲಿ ಉರಿಯುವ ಬಿಳಿ ಎಲ್‌ಇಡಿ ಬಲ್ಬೇ ಸಾಕು. ಅದರೊಳಗಿರುವುದು ನೀಲಿ ಎಲ್‌ಇಡಿ. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಲೇಪ ಆ ನೀಲಿಯ ಒಂದು ಪಾಲನ್ನು ಹಸಿರು, ಹಳದಿ, ಕೆಂಪಿಗೆ ತಿರುಗಿಸಿ ಬಿಳಿ ಮಾಡುತ್ತದೆ. ಬೆಳಗುವ ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಾಮುರ ಈ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಅದೇ ವರ್ಷದ ಆರಂಭದಲ್ಲಿ ನಮ್ಮ ದೇಶದಲ್ಲಿ ಸರ್ಕಾರ ಸಗಟಾಗಿ ಕೊಳ್ಳುತ್ತಿದ್ದ ಬಲ್ಬಿನ ಬೆಲೆ 300 ರೂಪಾಯಿಯ ಮೇಲಿತ್ತು. ಎರಡು-ಮೂರು ವರ್ಷದಲ್ಲಿ ಅದು 40 ರೂಪಾಯಿಗೂ ಕೆಳಗಿಳಿಯಿತು. ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ವಿತರಿಸಿದ 9 ವ್ಯಾಟಿನ ಬಲ್ಬು ಕೆಲವರ ಮನೆಯಲ್ಲಿ ಇನ್ನೂ ಉರಿಯುತ್ತಿರಬಹುದು.

ಮನೆಯಲ್ಲಿ ದೀಪ ಕಟ್ಟುವ ಬಗೆ ಹೇಳುತ್ತೇನೆ. ಎರಡಡಿ ಉದ್ದ, ಒಂದಡಿ ಅಗಲದ ಒಂದು ಹಲಗೆ ತೆಗೆದುಕೊಳ್ಳಿ. ಅದಕ್ಕೆ ನಾಲ್ಕು ಬಲ್ಬ್ ಹೋಲ್ಡರ್ ಸಮದೂರದಲ್ಲಿ ಕೂರಿಸಿ, ಹಲಗೆಯ ತಳಕ್ಕೆ ಹೊಳಪಿಲ್ಲದ ಅಚ್ಚಬಿಳಿ ಪೇಂಟ್ ಬಳಿಯಿರಿ. ನಾಲ್ಕೂ ಹೋಲ್ಡರಿಗೆ ಪ್ಯಾರಲಲ್ ವೈರಿಂಗ್ ಆಗಬೇಕು. ಕೈಗೆ ಆ ಕೆಲಸ ಬಾರದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ, ಅರ್ಧ ಗಂಟೆಯ ಕೆಲಸ. ನಾಲ್ಕು 9 ವ್ಯಾಟಿನ ಬಲ್ಬುಗಳಿಂದ ಹತ್ತಿರ ಹತ್ತಿರ 3,600 ಲ್ಯೂಮೆನ್ (ಬಲ್ಬು ಸೂಸುವ ಒಟ್ಟು ಬೆಳಕಿನ ಅಳತೆ) ಬೆಳಕು ಹೊರಡುತ್ತದೆ. ಸುತ್ತ ಬಿಳಿ ತಡೆ ನಿಲ್ಲಿಸಿದರೆ ಅದರ ಮೂರರಲ್ಲಿ ಎರಡು ಪಾಲಾದರೂ ಕೆಳಗಿನ ಟ್ರೇಗೆ ಬೀಳುತ್ತದೆ. ಆಗ ಸಸಿಯ ಮಟ್ಟದಲ್ಲಿ ಫೋನು 13,000 ಲಕ್ಸಿನ ಆಸುಪಾಸು ತೋರಿಸಬೇಕು. ಬಿಸಿಲಿನ ಎಂಟನೆಯ ಒಂದು ಪಾಲು ಮಾತ್ರ ಇದು. ಆದರೆ ಬಿಸಿಲು ಬೆಳಿಗ್ಗೆ ಏರಿ ಸಂಜೆ ಇಳಿಯುತ್ತದೆ, ನಮ್ಮ ದೀಪ ದಿನಕ್ಕೆ 14 ಗಂಟೆ ಒಂದೇ ಸಮ ಉರಿಯುತ್ತದೆ. ದಿನದ ಒಟ್ಟು ಲೆಕ್ಕ ಹಾಕಿದರೆ ಬಯಲಿನ ಒಳ್ಳೆಯ ಬಿಸಿಲಿನ ಕಾಲು ಪಾಲಿನ ಹತ್ತಿರ ಬರುತ್ತದೆ. ಸೊಪ್ಪಿಗೆ ಅಷ್ಟು ಸಾಕು.

ಸುತ್ತಲಿನ ತಡೆಗೆ ಅಲ್ಯೂಮಿನಿಯಂ ಫಾಯಿಲ್ ಹಾಕುವವರಿದ್ದಾರೆ. ಮುದುಡಿದ ಫಾಯಿಲಿಗಿಂತ ಬಿಳಿ ಬಣ್ಣ ಬಳಿದ ರಟ್ಟು ವಾಸಿ, ಅದು ಬೆಳಕನ್ನು ಒಂದೇ ಕಡೆ ಚುಚ್ಚದೆ ಹರಡಿ ಕೊಡುತ್ತದೆ, ಕರೆಂಟನ್ನೂ ಹರಿಸುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ದೂರ. ಬಲ್ಬಿನ ತುದಿಗೂ ಎಲೆಗೂ ನಡುವೆ ಅರ್ಧ ಅಡಿ ಇರಲಿ, ಅದಕ್ಕಿಂತ ಬಹಳ ಹೆಚ್ಚಾಗುವುದು ಬೇಡ. ಒಂಟಿ ಬಲ್ಬನ್ನು ಎಲೆಯಿಂದ ಎರಡು ಪಟ್ಟು ದೂರಕ್ಕೆ ಒಯ್ದರೆ ಎಲೆಗೆ ಬೀಳುವ ಬೆಳಕು ಕಾಲುಭಾಗಕ್ಕಿಳಿಯುತ್ತದೆ. ಅರ್ಧ ಅಡಿಯಲ್ಲಿ ಸಿಗುತ್ತಿದ್ದ ಬೆಳಕಿನಲ್ಲಿ ಎಂಟು ಅಡಿ ದೂರದ ಸೂರಿನ ಬಲ್ಬಿನಿಂದ ಸಿಗುವುದು 256ರಲ್ಲಿ ಒಂದು ಪಾಲು. ಸಾವಿರಾರು ರೂಪಾಯಿಯ ನೇರಳೆ ದೀಪವನ್ನು ಸೂರಿಗೆ ನೇತುಹಾಕುವುದಕ್ಕಿಂತ ನೂರು ರೂಪಾಯಿಯ ಬಿಳಿ ಬಲ್ಬನ್ನು ಎಲೆಯ ನೆತ್ತಿಗೆ ಇಳಿಸುವುದು ಲೇಸು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಬಿಳಿ ಎಲ್‌ಇಡಿ ಹಿಂದಿನ ಬುರುಡೆ ಬಲ್ಬಿನ ಹಾಗೆ ಸುಡುವುದಿಲ್ಲ, ಹತ್ತಿರ ತಂದರೆ ಎಲೆ ಬಾಡುವ ಭಯವಿಲ್ಲ. ಗಿಡ ಏರಿದ ಹಾಗೆ ಹಲಗೆಯನ್ನೂ ಏರಿಸಬೇಕು. ಎರಡು ಸರಪಳಿ, ಎರಡು ಕೊಕ್ಕೆ ಇದ್ದರೆ ಆ ಕೆಲಸವಾಗುತ್ತದೆ.

ಬಲ್ಬಿನ ಬಿಳಿ ಟೊಪ್ಪಿಗೆ ಕಿತ್ತರೆ ಇನ್ನಷ್ಟು ಬೆಳಕು ಸಿಗುತ್ತದೆ ಎಂದು ಹೇಳಿಕೊಡುವವರಿದ್ದಾರೆ. ಬೆಳಕು ತುಸು ಹೆಚ್ಚುವುದೇನೋ ನಿಜ. ಆದರೆ ಅಗ್ಗದ ಬಲ್ಬುಗಳ ಒಳಗಿನ ಸರ್ಕ್ಯೂಟು ಮನೆಯ 230 ವೋಲ್ಟಿನಿಂದ ಬೇರ್ಪಟ್ಟಿರುವುದಿಲ್ಲ. ಟೊಪ್ಪಿಗೆ ತೆಗೆದ ಮೇಲೆ ಕಾಣುವ ಆ ಹಳದಿ ಚುಕ್ಕೆಗಳ ತಟ್ಟೆಯನ್ನು ಒದ್ದೆ ಕೈಯಲ್ಲಿ ಮುಟ್ಟುವುದೂ ಪ್ಲಗ್ಗಿನೊಳಗೆ ಬೆರಳಿಡುವುದೂ ಒಂದೇ. ಗಿಡವೆಂದ ಮೇಲೆ ನೀರು ಇದ್ದೇ ಇರುತ್ತದೆ. ದಯವಿಟ್ಟು ಈ ಕೆಲಸ ಮಾಡಬೇಡಿ. ಮನೆಯ ಮೀಟರ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನಾಗಿ ಕಡಿತಗೊಳಿಸುವ ಆರ್‌ಸಿಸಿಬಿ ಇದೆಯೇ ನೋಡಿಕೊಳ್ಳಿ. ನೀರು ಹಾಕುವ ಮುಂಚೆ ಸ್ವಿಚ್ ಆರಿಸಿ. ವೈರು ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರುವ ಹಾಗಿರಲಿ. ವೈರಿನ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ, ಪ್ಲಗ್ಗಿಗೆ ಸೇರುವುದಿಲ್ಲ.

ಬೆಸುಗೆ ಹಿಡಿಯಲು ಬರುವವರಿಗೆ ಇನ್ನೊಂದು ದಾರಿಯಿದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ 5 ಮೀಟರಿನ 12 ವೋಲ್ಟ್ ಎಲ್‌ಇಡಿ ಪಟ್ಟಿ ಸುರುಳಿ ಸುರುಳಿಯಾಗಿ ಸಿಗುತ್ತದೆ. ಅದನ್ನು ಕತ್ತರಿಸಿ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಸಾಲಾಗಿ ಅಂಟಿಸಿ, ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಎಸ್‌ಎಂಪಿಎಸ್ ಸಪ್ಲೈ ಕೊಡಬಹುದು. 12 ವೋಲ್ಟ್ ಆದ್ದರಿಂದ ಎಲೆಯ ಹತ್ತಿರ ಇದು ಹೆಚ್ಚು ಸುರಕ್ಷಿತ. ಉದ್ದದ ಪಟ್ಟಿಗೆ ಒಂದೇ ತುದಿಯಿಂದ ಕರೆಂಟು ಕೊಟ್ಟರೆ ಇನ್ನೊಂದು ತುದಿ ಮಂಕಾಗುತ್ತದೆ, ಎರಡೂ ತುದಿಯಿಂದ ಕೊಡಿ. ಅಲ್ಯೂಮಿನಿಯಂ ಬೇಡವೆಂದು ರಟ್ಟಿಗೇ ಅಂಟಿಸಿದರೆ ಶಾಖ ಹೊರಹೋಗದೆ ಎಲ್‌ಇಡಿಗಳು ಬೇಗ ಮುಪ್ಪಾಗುತ್ತವೆ. 3 ವ್ಯಾಟಿನ ಬಿಡಿ ಎಲ್‌ಇಡಿ ಜೋಡಿಸುವವರಿಗೆ ಹೀಟ್‌ಸಿಂಕೂ ಬೇಕು, ಕರೆಂಟನ್ನು ಏರಲು ಬಿಡದೆ ಒಂದೇ ಮಟ್ಟದಲ್ಲಿ ಹಿಡಿದಿಡುವ ಡ್ರೈವರೂ ಬೇಕು. ಎಲ್‌ಇಡಿಯ ಸ್ವಭಾವವೇ ಹಾಗೆ: ವೋಲ್ಟೇಜ್ ಕೂದಲೆಳೆಯಷ್ಟು ಏರಿದರೂ ಕರೆಂಟು ದುಪ್ಪಟ್ಟು ಹರಿದು, ಬಿಸಿಯಾಗಿ, ಸುಟ್ಟುಹೋಗಬಹುದು.

ದೀಪವನ್ನು 24 ಗಂಟೆಯೂ ಉರಿಸಿದರೆ ಇನ್ನೂ ಬೇಗ ಬೆಳೆಯುವುದಿಲ್ಲವೇ ಎಂದರೆ, ಇಲ್ಲ. ಬಿಡುವೇ ಇಲ್ಲದ ಬೆಳಕಿನಲ್ಲಿ ಟೊಮೆಟೊ ಎಲೆ ಹಳದಿಯಾಗಿ ಕೆಡುತ್ತದೆ. ಕೊತ್ತಂಬರಿ, ಹಗಲು ಉದ್ದವಾದಷ್ಟೂ ಸೊಪ್ಪು ಬಿಡುವುದನ್ನು ನಿಲ್ಲಿಸಿ ಹೂವಿಗೆ ಹೊರಡುತ್ತದೆ. ಗಿಡಕ್ಕೆ ಬೆಳಕು ಊಟವೂ ಹೌದು, ಗಡಿಯಾರವೂ ಹೌದು.

ಆ ಗಡಿಯಾರವನ್ನು ನೋಡಬೇಕೆಂದರೆ ರಾತ್ರಿ ಹೊತ್ತು ಚಿಕ್ಕಬಳ್ಳಾಪುರದ ಕಡೆ ಹೋಗಿ. ಸೇವಂತಿಗೆ ಹೊಲಗಳಲ್ಲಿ ಗೂಟದಿಂದ ಗೂಟಕ್ಕೆ ವೈರು ಎಳೆದು ಸಾಲು ಸಾಲಾಗಿ ಬಲ್ಬು ಉರಿಸಿರುತ್ತಾರೆ. ದೂರದಿಂದ ನೋಡಿದವರಿಗೆ ಯಾವುದೋ ಊರಿನ ಜಾತ್ರೆ. ರೈತ ಅಲ್ಲಿ ಗಿಡಕ್ಕೆ ಊಟ ಹಾಕುತ್ತಿಲ್ಲ, ಸುಳ್ಳು ಹೇಳುತ್ತಿದ್ದಾನೆ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಹಗಲು ಚಿಕ್ಕದಾಗುವ ಕಾಲದಲ್ಲಿ ನಾಟಿ ಮಾಡಿದರೆ, ಗೇಣುದ್ದ ಏಳುವ ಮೊದಲೇ ಮೊಗ್ಗು ಹಾಕಿಬಿಡುತ್ತದೆ, ರೆಂಬೆಯೂ ಇಲ್ಲ, ಇಳುವರಿಯೂ ಇಲ್ಲ. ರಾತ್ರಿಯ ನಡುವೆ ಕೆಲವು ಗಂಟೆ ಬಲ್ಬು ಉರಿಸಿದರೆ ಉದ್ದ ರಾತ್ರಿ ಎರಡು ತುಂಡಾಗುತ್ತದೆ. ಇನ್ನೂ ಬೇಸಿಗೆಯೇ ಇದೆ ಎಂದು ಗಿಡ ನಂಬಿ ಎತ್ತರಕ್ಕೂ ಅಗಲಕ್ಕೂ ಬೆಳೆಯುತ್ತದೆ. ಬೇಕಾದಷ್ಟು ಬೆಳೆದ ಮೇಲೆ ಬಲ್ಬು ಆರಿಸಿದರೆ ಹೊಲವೆಲ್ಲ ಒಟ್ಟಿಗೆ ಮೊಗ್ಗಿಗೆ ತಿರುಗುತ್ತದೆ. ಹಬ್ಬಕ್ಕೆ, ಮದುವೆ ಕಾಲಕ್ಕೆ ಹೂವು ಹೊಂದಿಸುವ ಉಪಾಯ ಇದು. ಗಿಡ ಹಗಲು ರಾತ್ರಿಯ ಉದ್ದವನ್ನು ಅಳೆಯುತ್ತದೆ ಎಂದು ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ, ಹೂ ಬಿಡದೆ ಆಳೆತ್ತರ ಬೆಳೆಯುತ್ತಿದ್ದ ಒಂದು ತಂಬಾಕು ತಳಿಯ ಬೆನ್ನುಹತ್ತಿ ಕಂಡುಕೊಂಡರು. ವಿಯೆಟ್ನಾಮಿನ ಡ್ರ್ಯಾಗನ್ ಹಣ್ಣಿನ ತೋಟಗಳಲ್ಲಿ ಇದೇ ಬಲ್ಬು ತಿರುವುಮುರುವಾಗಿ ಕೆಲಸ ಮಾಡುತ್ತದೆ. ಆ ಗಿಡಕ್ಕೆ ಉದ್ದ ಹಗಲು ಬೇಕು, ದೀಪ ಹಾಕಿದರೆ ಅಕಾಲದಲ್ಲೂ ಹೂ ಬಿಡುತ್ತದೆ.

ಈಗ ಹೊಲದ ದೀಪವನ್ನೂ ನಮ್ಮ ಮನೆಯ ದೀಪವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೇವಂತಿಗೆ ಹೊಲದಲ್ಲಿ ಹಲವು ಅಡಿಗೆ ಒಂದು ಬಲ್ಬು, ಅದೂ ಆಳೆತ್ತರದಲ್ಲಿ. ಅಷ್ಟು ಮಬ್ಬು ಬೆಳಕು ಗಡಿಯಾರ ತಿರುಗಿಸಲು ಧಾರಾಳ. ನಮ್ಮ ಮೆಂತ್ಯದ ಟ್ರೇಗೆ ಎರಡು ಚದರಡಿಗೆ ನಾಲ್ಕು ಬಲ್ಬು, ಎಲೆಯಿಂದ ಅರ್ಧ ಅಡಿಯಷ್ಟು ಹತ್ತಿರ. ಹೊಲದ ದೀಪ ನೋಡಿ ಬಂದು ಅದೇ ಅಳತೆಯಲ್ಲಿ ಮನೆಯೊಳಗೆ ಗಿಡ ಬೆಳೆಸಲು ಹೊರಟವರಿಗೆ ಸಿಗುವುದು ಘಟ್ಟದ ಸಸಿಯೇ.

ಏನು ಬೆಳೆಯಬಹುದು? ಮೊದಲ ಸಲಕ್ಕೆ ಮೆಂತ್ಯ. ಕಾಳನ್ನು ರಾತ್ರಿ ನೆನೆಸಿ, ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ಬೆರೆಸಿ ತುಂಬಿದ, ತಳದಲ್ಲಿ ತೂತಿರುವ ಟ್ರೇಗೆ ಚೆಲ್ಲಿ. ಎರಡು-ಮೂರು ದಿನಕ್ಕೆ ಮೊಳಕೆ ಬರುತ್ತದೆ. ಮೊಳಕೆ ಕಂಡ ದಿನವೇ ದೀಪ ಹಾಕಿ, ನಾಳೆ ಹಾಕೋಣ ಎಂದರೆ ಅಷ್ಟರಲ್ಲೇ ಕಾಂಡ ಎಳೆದುಕೊಂಡಿರುತ್ತದೆ. ಮೂರು-ನಾಲ್ಕು ವಾರಕ್ಕೆ ಸಾರಿಗೆ ಹಾಕುವಷ್ಟು ಸೊಪ್ಪು. ಕೊತ್ತಂಬರಿಗೆ ಬೀಜವನ್ನು ಲಟ್ಟಣಿಗೆಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು, ಹತ್ತು ದಿನ ತಾಳ್ಮೆಯೂ ಬೇಕು. ದಂಟು, ಹರಿವೆಗೆ ಬಿಸಿಲಿನ ಹಸಿವು ಜಾಸ್ತಿ, ಎಳೆಯದರಲ್ಲೇ ಕಿತ್ತುಕೊಳ್ಳುವುದಾದರೆ ಸರಿ. ದೊಡ್ಡಪತ್ರೆ, ಒಂದೆಲಗ ಕಡಿಮೆ ಬೆಳಕಿಗೂ ಒಗ್ಗುತ್ತವೆ. ಟೊಮೆಟೊ, ಮೆಣಸಿನಕಾಯಿ ಬೇಡ ಎನ್ನುತ್ತೇನೆ. ಹಣ್ಣು ಕಟ್ಟಲು ಬೇಕಾಗುವ ಬೆಳಕು ಸೊಪ್ಪಿನದಕ್ಕಿಂತ ಎರಡು ಪಟ್ಟಾದರೂ ಹೆಚ್ಚು.

ಮನೆಯೊಳಗೆ ಗಾಳಿ ಆಡುವುದಿಲ್ಲ, ಮಣ್ಣು ಬೇಗ ಒಣಗುವುದಿಲ್ಲ. ದಿನಾ ಅಭ್ಯಾಸಬಲದಿಂದ ನೀರು ಸುರಿದರೆ ಬುಡ ಕೊಳೆಯುತ್ತದೆ, ಮಣ್ಣಿನಿಂದ ಕಪ್ಪು ನುಸಿ ಏಳುತ್ತದೆ. ಬೆರಳು ಚುಚ್ಚಿ ಮಣ್ಣು ಒಣಗಿದೆ ಅನಿಸಿದಾಗ ಮಾತ್ರ ನೀರು ಕೊಡಿ. ಸಣ್ಣ ಟೇಬಲ್ ಫ್ಯಾನನ್ನು ದೂರದಲ್ಲಿಟ್ಟು ಸಸಿಗಳು ಅಲ್ಲಾಡುವಷ್ಟು ಗಾಳಿ ಬಿಟ್ಟರೆ ಕಾಂಡ ಗಟ್ಟಿಯಾಗುತ್ತದೆ.

ದುಡ್ಡಿನ ಲೆಕ್ಕವನ್ನು ಮುಚ್ಚಿಡುವುದು ಬೇಡ. 36 ವ್ಯಾಟು 14 ಗಂಟೆ ಉರಿದರೆ ದಿನಕ್ಕೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 90 ರೂಪಾಯಿ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಮನೆಗಳವರು ತಮಗೆ ನಿಗದಿಯಾದ ಯೂನಿಟ್ಟಿನೊಳಗೆ ಈ 15 ಕೂರುತ್ತದೆಯೇ ಎಂದು ಮೊದಲು ನೋಡಿಕೊಳ್ಳಲಿ. ಅದೇ 90 ರೂಪಾಯಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಕಾಲದಲ್ಲಿ ಐದಾರು ಕಟ್ಟು ಮೆಂತ್ಯ ಬರುತ್ತದೆ, ನಿಮ್ಮ ಟ್ರೇಯಲ್ಲಿ ಅಷ್ಟು ಬರುವುದಿಲ್ಲ. ಉಳಿತಾಯಕ್ಕೆಂದು ಇದನ್ನು ಮಾಡುವುದಾದರೆ ಬೇಡವೇ ಬೇಡ. ಬೆಳಿಗ್ಗೆ ಎದ್ದು ಕತ್ತರಿಯಲ್ಲಿ ನಾಲ್ಕು ಎಸಳು ಕತ್ತರಿಸಿ ನೇರವಾಗಿ ಒಗ್ಗರಣೆಗೆ ಹಾಕುವ ಖುಷಿಗೆ, ಮಕ್ಕಳಿಗೆ ಬೀಜ ಸೊಪ್ಪಾಗುವುದನ್ನು ತೋರಿಸುವುದಕ್ಕೆ ತಿಂಗಳಿಗೆ 90 ರೂಪಾಯಿ ದುಬಾರಿಯೋ ಅಲ್ಲವೋ ನೀವೇ ಹೇಳಿ.

ಲೆಕ್ಕ ಬೇರೆಯಾಗುವುದು ನಮ್ಮವರು ದೂರದೇಶದಲ್ಲಿರುವ ಕಡೆ. ಟೊರಾಂಟೊದಲ್ಲಿ ಡಿಸೆಂಬರಿನ ಹಗಲು ಒಂಬತ್ತೇ ಗಂಟೆ, ಅದೂ ಬಹುತೇಕ ಮೋಡದ್ದು. ಅಲ್ಲಿನ ಕನ್ನಡದ ಮನೆಗಳಲ್ಲಿ ಕರಿಬೇವಿನ ಕುಂಡ ಬೇಸಿಗೆಯಲ್ಲಿ ಹಿತ್ತಿಲಲ್ಲಿರುತ್ತದೆ, ಚಳಿ ಶುರುವಾಗುವ ಮುನ್ನ ಒಳಗೆ ಬರುತ್ತದೆ. ಬಂದ ಕೆಲವೇ ವಾರದಲ್ಲಿ ಎಲೆ ಹಳದಿಯಾಗಿ ಉದುರತೊಡಗಿ ಮನೆಯವರ ಜೀವ ಹೋಗುತ್ತದೆ. ಆ ಕುಂಡಕ್ಕೆ ನಾನು ಹೇಳಿದ ಹಲಗೆಯೇ ಆಗುತ್ತದೆ, ನೆತ್ತಿಯ ಮೇಲೊಂದು, ಗಿಡ ದೊಡ್ಡದಿದ್ದರೆ ಪಕ್ಕಕ್ಕೊಂದು. ಕರಿಬೇವು ಚಳಿಗಾಲದಲ್ಲಿ ಹೆಚ್ಚು ಬೆಳೆಯದಿದ್ದರೂ ಇರುವ ಎಲೆ ಉಳಿಸಿಕೊಂಡರೆ ಸಾಕು, ನೀರೂ ಕಡಿಮೆ ಸಾಕು. ಹೀಟರಿನ ಒಣಗಾಳಿಗೆ ಎಲೆಯ ಅಡಿಯಲ್ಲಿ ಕೆಂಪುನುಸಿ ಬಲೆ ಕಟ್ಟುತ್ತದೆ, ವಾರಕ್ಕೊಮ್ಮೆ ಎಲೆಗಳ ಅಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಚಳಿ ಕಳೆದು ಕುಂಡವನ್ನು ಹೊರಗೆ ತರುವಾಗ ಮೊದಲ ವಾರ ಮರದ ನೆರಳಿನಲ್ಲೇ ಇಡಿ. ದೀಪದಡಿ ಬಿಟ್ಟ ಎಲೆ ತೆಳ್ಳಗಿರುತ್ತದೆ, ನೇರ ಬಿಸಿಲಿಗೆ ಬಿಳಿಚಿ ಸುಟ್ಟುಹೋಗುತ್ತದೆ. ಒಂದಷ್ಟು ಎಲೆ ಹಾಗೆ ಹೋದರೂ ಗಾಬರಿಯಾಗಿ ಮತ್ತೆ ಒಳಗೆ ತರಬೇಡಿ, ಆಮೇಲೆ ಚಿಗುರುವ ಎಲೆ ಬಿಸಿಲು ತಡೆಯುವಷ್ಟು ದಪ್ಪವಾಗಿಯೇ ಬರುತ್ತದೆ.